ಘಟ್ಟದ ವರದಿಗೆ ರಾಜಕೀಯ ಹತ್ತಿದ್ದು ಯಾವಾಗ?

ಪ್ರಶ್ನೆ: ನಾನು ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಪಶ್ಚಿಮ ಘಟ್ಟದ ಪಾಠ ಮಾಡಿದ ಮರುದಿನವೇ ಪೋಷಕರೊಬ್ಬರು ಬಂದು, "ನೀವು ಕಸ್ತೂರಿರಂಗನ್ ಪರವೋ, ರೈತರ ಪರವೋ?" ಎಂದು ಕೇಳಿದರು. ಕಪ್ಪೆ, ಸಿಂಗಳೀಕ, ಮಳೆ ಎಂದು ಪಾಠ ಮಾಡಿದವನಿಗೆ ಇದೆಲ್ಲಿಂದ ಬಂತು ಎಂದು ತಿಳಿಯಲಿಲ್ಲ. ವಿಜ್ಞಾನಿಗಳು ಕೊಟ್ಟ ವರದಿಯೊಳಗೆ ರಾಜಕೀಯ ಹೇಗೆ ನುಸುಳಿತು? ರಾಜಕಾರಣಿಗಳನ್ನು ಹೊರಗಿಟ್ಟು ಇಂಥ ವಿಷಯವನ್ನು ತಜ್ಞರೇ ತೀರ್ಮಾನಿಸಬಾರದೇ?

ಉತ್ತರ: ಮೇಷ್ಟ್ರೇ, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ "ಕೂಡದು". ಆಡಳಿತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ತಜ್ಞರ ಸಮಿತಿಗಳನ್ನು ಹತ್ತಿರದಿಂದ ನೋಡಿದವನು ಎಂಬ ಕಾರಣಕ್ಕೇ ಹೀಗೆ ಹೇಳುತ್ತಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಸ್ವಲ್ಪ ದೂರ ಸುತ್ತಿ ಬರಬೇಕು.

ಜನ ಒಂದೇ ಉಸಿರಿನಲ್ಲಿ ಬೈಯುವ "ವರದಿ" ಒಂದಲ್ಲ, ಎರಡು. 2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಅದು 2011ರ ಆಗಸ್ಟ್ ಕೊನೆಯಲ್ಲಿ ವರದಿ ಕೊಟ್ಟಿತು. ಆರು ರಾಜ್ಯಗಳಲ್ಲಿ ಹಬ್ಬಿದ ಘಟ್ಟವಿಡೀ ಪರಿಸರ ಸೂಕ್ಷ್ಮ ಪ್ರದೇಶ, ಅಂದರೆ ಕೆಲವು ಚಟುವಟಿಕೆಗಳಿಗೆ ಕಡಿವಾಣ ಬೇಕಾದ ಜಾಗ, ಎಂದಿತು. ಆದರೆ ಎಲ್ಲೆಡೆ ಒಂದೇ ನಿಯಮ ಬೇಡ ಎಂದು 142 ತಾಲ್ಲೂಕುಗಳನ್ನು ಮೂರು ವಲಯಗಳಾಗಿ ವಿಂಗಡಿಸಿತು. ಎರಡನೆಯದು ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ ಕೊಟ್ಟದ್ದು, 2013ರ ಏಪ್ರಿಲ್‌ನಲ್ಲಿ. ಈ ತಂಡ ಜನವಸತಿ, ತೋಟ, ಗದ್ದೆ ಇರುವ ಭಾಗವನ್ನು ಬದಿಗಿಟ್ಟು, ಘಟ್ಟದ ಶೇ 37ರಷ್ಟನ್ನು, ಅಂದರೆ ಸುಮಾರು 60 ಸಾವಿರ ಚದರ ಕಿಲೋಮೀಟರ್ ಅನ್ನು ಮಾತ್ರ ಸೂಕ್ಷ್ಮ ಎಂದು ಗುರುತಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆರೂ ರಾಜ್ಯಗಳಲ್ಲಿ ಇದೇ ಹೆಚ್ಚು.

ಈಗ ರಾಜಕೀಯ ಹತ್ತಿದ್ದು ಎಲ್ಲಿ ಎಂದು ನೋಡೋಣ. ನಿಮ್ಮ ಊರಿನ ಪ್ರತಿಭಟನೆಯಲ್ಲಿ ಎನ್ನುತ್ತೀರಿ. ನಾನು ಅದಕ್ಕೂ ಹಿಂದೆ, ದೆಹಲಿಯ ಒಂದು ಬೀರುವಿನಲ್ಲಿ ಎನ್ನುತ್ತೇನೆ.

ಗಾಡ್ಗೀಳ್ ವರದಿ ಸಚಿವಾಲಯದ ಕೈ ಸೇರಿದ ಮೇಲೆ ತಿಂಗಳುಗಟ್ಟಲೆ ಹೊರಗೆ ಬರಲೇ ಇಲ್ಲ. ಕೇರಳದ ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಕೇಳಿದರೆ ಕೊಡುವುದಿಲ್ಲ ಎಂದರು. ಬಹಿರಂಗವಾದರೆ ದೇಶದ ವೈಜ್ಞಾನಿಕ, ಆರ್ಥಿಕ ಹಿತಕ್ಕೆ ಧಕ್ಕೆಯಂತೆ. ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದು ಆದೇಶಿಸಿದಾಗ ಸಚಿವಾಲಯ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಅಲ್ಲಿಯೂ ಸೋತ ಮೇಲೆ, 2012ರ ಮೇ ತಿಂಗಳಲ್ಲಿ ವರದಿ ಹೊರಬಂತು. ತಮಾಷೆ ನೋಡಿ: ಯಾವ ವಲಯಕ್ಕೆ ಯಾವ ಊರು ಸೇರಬೇಕೆಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ಅಂತಿಮಗೊಳಿಸಿ ಎಂದು ಹೇಳಿದ ವರದಿಯನ್ನೇ ಗ್ರಾಮಗಳಿಂದ ಬಚ್ಚಿಟ್ಟರು. ಬಚ್ಚಿಟ್ಟವರಾರೂ ಪಕ್ಷದ ಬಾವುಟ ಹಿಡಿದಿರಲಿಲ್ಲ, ಘೋಷಣೆ ಕೂಗಿರಲಿಲ್ಲ. ಹಾಗಾಗಿ ಅದನ್ನು ಯಾರೂ ರಾಜಕೀಯ ಎಂದು ಕರೆಯಲಿಲ್ಲ. ಕಡತದ ಮೇಲೆ ಕೂತ ರಾಜಕೀಯ ಸದ್ದು ಮಾಡುವುದಿಲ್ಲ, ಅಷ್ಟೆ.

ಆ ಖಾಲಿ ಜಾಗಕ್ಕೆ ಗಾಳಿಸುದ್ದಿ ನುಗ್ಗಿತು. 2013ರ ನವೆಂಬರ್‌ನಲ್ಲಿ ಸಚಿವಾಲಯ ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ದಿಢೀರನೆ ನಿರ್ಬಂಧದ ಆದೇಶ ಹೊರಡಿಸಿತು. ಅದಾಗಿ ಕೆಲವೇ ವಾರಗಳಲ್ಲಿ, ಮಲೆನಾಡಿನ ಒಂದು ಸಹಕಾರ ಸಂಘದ ಗೋದಾಮಿನಲ್ಲಿ ಸೇರಿದ ಸಭೆಗೆ ನನ್ನನ್ನೂ ಕರೆದಿದ್ದರು. ಅಡಿಕೆ ಮೂಟೆಗಳನ್ನು ಒಂದು ಬದಿಗೆ ಒಟ್ಟಿ ಕುರ್ಚಿ ಹಾಕಿದ್ದರು. ಕೈಯಿಂದ ಕೈಗೆ ಒಂದು ಕರಪತ್ರ ಓಡಾಡುತ್ತಿತ್ತು: ಹೊಸ ಕೊಟ್ಟಿಗೆ ಕಟ್ಟುವಂತಿಲ್ಲ, ಅಡಿಕೆಗೆ ಮೈಲುತುತ್ತ ಹೊಡೆಯುವಂತಿಲ್ಲ, ಮನೆಗೆ ಹಸಿರು ಬಣ್ಣ ಬಿಟ್ಟು ಬೇರೆ ಬಳಿಯುವಂತಿಲ್ಲ, ಸಂಜೆ ಆರರ ನಂತರ ದಾರಿಯಲ್ಲಿ ತಿರುಗುವಂತಿಲ್ಲ. ನಾನು ಎದ್ದು ನಿಂತು, ವರದಿಯಲ್ಲಿ ಇದಾವುದೂ ಇಲ್ಲ ಎಂದೆ. ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಕೆಂಪು ಪಟ್ಟಿಯ ಮಾಲಿನ್ಯಕಾರಕ ಕೈಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ, ಟೌನ್‌ಶಿಪ್, ಇಷ್ಟಕ್ಕೇ ಅಡ್ಡಿ ಎಂದು ಓದಿ ಹೇಳಿದೆ.

ಯಾರೂ ಜಗಳಕ್ಕೆ ಬರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: "ಅದೆಲ್ಲ ಇರಲಿ ಸ್ವಾಮಿ. ಗೆರೆ ಎಲ್ಲಿ ಹಾಯುತ್ತದೆ? ನನ್ನ ತೋಟದ ಮೇಲಿನಿಂದಲೋ, ಕೆಳಗಿನಿಂದಲೋ?"

ಗೆರೆ ಹಾಗೆ ಹಾಯುವುದಿಲ್ಲ, ಇಡೀ ಗ್ರಾಮವೇ ಪಟ್ಟಿಗೆ ಸೇರುತ್ತದೆ ಎಂದೆ.

"ಹಾಗಾದರೆ ಪಟ್ಟಿ ಮಾಡಿದವರಿಗೆ ನನ್ನ ತೋಟ ಬೇರೆ, ಮೇಲಿನ ಕಾಡು ಬೇರೆ ಎಂಬುದು ಗೊತ್ತಿಲ್ಲ ಎಂದಾಯಿತು" ಎಂದು ಹೇಳಿ ಕೂತರು.

ಆ ಮನುಷ್ಯ ಹೊಡೆದದ್ದು ಸರಿಯಾದ ಜಾಗಕ್ಕೆ. ಇಲ್ಲಿ ನಿಮ್ಮಂಥ ವಿಜ್ಞಾನ ಶಿಕ್ಷಕರ ಗಮನ ಬೇಕು. ಕಸ್ತೂರಿರಂಗನ್ ತಂಡ ಉಪಗ್ರಹ ಚಿತ್ರಗಳನ್ನು ಆಧರಿಸಿ ಎಲ್ಲಿ ಜೀವವೈವಿಧ್ಯ ಹೆಚ್ಚಿದೆ, ಎಲ್ಲಿ ಕಾಡು ತುಂಡಾಗದೆ ಉಳಿದಿದೆ ಎಂದು ಗುರುತಿಸಿತು. ಇದು ವಿಜ್ಞಾನ, ತಪ್ಪಿದ್ದರೆ ಅಳೆದು ತಿದ್ದಬಹುದು. ಮಲೆನಾಡು, ಕೊಡಗಿನ ಜನ ಹೇಳಿದಂತೆ, ಮರದ ನೆರಳಿನ ಕಾಫಿ ತೋಟವೂ ದಟ್ಟ ಅಡಿಕೆ ತೋಟವೂ ಮೇಲಿನಿಂದ ನೋಡಿದರೆ ಕಾಡಿನಂತೆಯೇ ಕಾಣಿಸುತ್ತವೆ ಎನ್ನುವುದಾದರೆ, ನೆಲಕ್ಕೆ ಇಳಿದು ಪರೀಕ್ಷಿಸಿದರೆ ತೀರಿತು. ಆದರೆ ಮುಂದಿನ ಹೆಜ್ಜೆ ಬೇರೆ ಜಾತಿಯದು. ಒಂದು ಗ್ರಾಮದ ಶೇ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಇಂಥ ಪ್ರದೇಶವಾಗಿದ್ದರೆ ಇಡೀ ಗ್ರಾಮವನ್ನು ಸೂಕ್ಷ್ಮ ಎಂದು ಪಟ್ಟಿ ಮಾಡಲಾಯಿತು. ಈ ಇಪ್ಪತ್ತು ಎಲ್ಲಿಂದ ಬಂತು? ಹದಿನೈದು ಏಕಲ್ಲ, ನಲವತ್ತು ಏಕಲ್ಲ? ಯಾವ ಉಪಗ್ರಹವೂ ಇದನ್ನು ಹೇಳುವುದಿಲ್ಲ. ಕಾಡಿಗೆ ಎಷ್ಟು ಪಕ್ಷಪಾತ ತೋರಿಸಬೇಕು, ಮನುಷ್ಯನಿಗೆ ಎಷ್ಟು ತೊಂದರೆ ಆದೀತು, ಆ ತೊಂದರೆಯನ್ನು ಯಾರು ಹೊರಬೇಕು ಎಂದು ತೂಗಿ ನೋಡಿ ಯಾರೋ ಆರಿಸಿದ ಸಂಖ್ಯೆ ಅದು.

ಆರಿಸಿದ್ದು ತಪ್ಪು ಎನ್ನುತ್ತಿಲ್ಲ. ಎಲ್ಲಾದರೂ ಒಂದು ಕಡೆ ಗೂಟ ಹೊಡೆಯಲೇಬೇಕು. ಆದರೆ ಆ ಗೂಟ ಹೊಡೆಯುವ ಕೆಲಸವನ್ನೇ ಅಲ್ಲವೇ ನಾವು ರಾಜಕೀಯ ಎನ್ನುವುದು? ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಆಗುವಂತೆ ಎಲ್ಲರ ಪರವಾಗಿ ಒಂದು ತೀರ್ಮಾನ ಮಾಡುವುದು. ಆಲ್ವಿನ್ ವೈನ್‌ಬರ್ಗ್ ಎಂಬ ಅಮೆರಿಕದ ಪರಮಾಣು ವಿಜ್ಞಾನಿ 1972ರಲ್ಲಿ ಒಂದು ಬರಹದಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದರು: ಕೆಲವು ಪ್ರಶ್ನೆಗಳನ್ನು ವಿಜ್ಞಾನದ ಭಾಷೆಯಲ್ಲಿ ಕೇಳಬಹುದು, ಆದರೆ ವಿಜ್ಞಾನ ಅವಕ್ಕೆ ಉತ್ತರಿಸಲಾರದು. ಶೇ 20 ಅಂಥದ್ದು. ಅದನ್ನು ವಿಜ್ಞಾನದ ಅಂಗಿ ತೊಡಿಸಿ ಕಳುಹಿಸಿದಾಗ, ಸಂಖ್ಯೆಯ ಮೇಲೆ ಜಗಳ ಆಡಬೇಕಾದ ಜನ ವಿಜ್ಞಾನದ ಮೇಲೆಯೇ ಜಗಳಕ್ಕೆ ನಿಂತರು. "ಉಪಗ್ರಹ ಸುಳ್ಳು" ಎಂದರು. ಉಪಗ್ರಹ ಪಾಪ, ತನಗೆ ಕಂಡದ್ದನ್ನು ಹೇಳಿತ್ತು.

ಗಾಡ್ಗೀಳ್ ಸಮಿತಿ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ. ಅವರು ಘಟ್ಟವನ್ನು ಸುಮಾರು ಒಂಬತ್ತು ಕಿಲೋಮೀಟರ್ ಉದ್ದಗಲದ ಚೌಕಗಳನ್ನಾಗಿ ಮಾಡಿ ಅಂಕ ಹಾಕಿದರು. ಇದು ತಾತ್ಕಾಲಿಕ, ಕೊನೆಯ ಗಡಿಯನ್ನು ಹಳ್ಳ ಕೊಳ್ಳದ ಜಾಡು ಹಿಡಿದು ಜನರೊಂದಿಗೆ ಕೂತು ಹಾಕಬೇಕು ಎಂದು ಬರೆದರು. ತಜ್ಞರ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳುವ ತಜ್ಞರ ವರದಿ ಅಪರೂಪ. ಹಾಗೆಂದು ಅವರ ವರದಿ ರೈತರಿಗೆ ಹೂವಿನ ಹಾಸಿಗೆ ಆಗಿರಲಿಲ್ಲ. ಮೂರು ವಲಯಗಳಲ್ಲಿ ಕ್ರಮವಾಗಿ ಐದು, ಎಂಟು, ಹತ್ತು ವರ್ಷಗಳಲ್ಲಿ ರಾಸಾಯನಿಕ ಕೀಟನಾಶಕ ನಿಲ್ಲಿಸಬೇಕೆಂಬ ಶಿಫಾರಸು ಅದರಲ್ಲಿತ್ತು. ಮೈಲುತುತ್ತದ ಗಾಳಿಸುದ್ದಿಗೆ ಬೀಜ ಬಹುಶಃ ಅಲ್ಲಿಂದಲೇ ಸಿಕ್ಕಿರಬೇಕು. ಎರಡೂ ವರದಿ ಕಲಸಿಹೋದ ಮೇಲೆ, ಒಂದರ ಮಾತಿಗೆ ಇನ್ನೊಂದು ಬೈಗುಳ ತಿಂದಿತು. ಕೊಳೆರೋಗಕ್ಕೆ ಒಂದು ಮಳೆಗಾಲದಲ್ಲಿ ಎರಡು ಮೂರು ಸಲ ಮರ ಹತ್ತಿಸಿ ಔಷಧ ಹೊಡೆಸುವವನಿಗೆ "ನಿಲ್ಲಿಸಬೇಕು" ಎಂಬ ಒಂದು ಪದ ಸಾಕು, ಉಳಿದ ಪುಟ ಅವನು ಓದುವುದಿಲ್ಲ. ಓದಲಿ ಎಂದರೂ, ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆ ರಾಜಪತ್ರದಲ್ಲಿ ಬಂದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಆಕ್ಷೇಪಣೆಗೆ ಕೊಟ್ಟದ್ದು 60 ದಿನ.

ಇನ್ನೊಂದು ಮಾತನ್ನು ನಗರದ ಓದುಗರಿಗಾಗಿ ಹೇಳುತ್ತೇನೆ, ನಿಮಗೆ ಗೊತ್ತೇ ಇರುತ್ತದೆ. ಮಲೆನಾಡಿನವನಿಗೆ "ಸೂಕ್ಷ್ಮ ಪ್ರದೇಶ" ಎಂಬ ಪದ ಒಂಟಿಯಾಗಿ ಕೇಳಿಸುವುದಿಲ್ಲ. ಅದರ ಹಿಂದೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಡೀಮ್ಡ್ ಅರಣ್ಯ (ಅರಣ್ಯವೆಂದೇ ಪರಿಗಣಿಸಿದ ಜಾಗ), ಒತ್ತುವರಿ ನೋಟಿಸು ಎಲ್ಲವೂ ಸಾಲುಗಟ್ಟಿ ಬರುತ್ತವೆ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ ಮಠ ಮುಳುಗಿಸಿಕೊಂಡು ಬಂದವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮಕ್ಕೆ ಹಾಕುವ ಬಗರ್ ಹುಕುಂ ಅರ್ಜಿ ಫಾರಂ 50ರಿಂದ 53ಕ್ಕೆ, ಅಲ್ಲಿಂದ 57ಕ್ಕೆ ನಡೆದುಬಂದಿದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ತನ್ನದೋ ಸರ್ಕಾರದ್ದೋ ಎಂದು ತಾತನಿಗೂ ಖಚಿತವಿರಲಿಲ್ಲ, ಮೊಮ್ಮಗನಿಗೂ ಇಲ್ಲ. ಹೀಗಿರುವಾಗ ಕರಡು ಅಧಿಸೂಚನೆ "ಮನೆ ರಿಪೇರಿಗೆ, ವಿಸ್ತರಣೆಗೆ, ಆಸ್ತಿ ವರ್ಗಾವಣೆಗೆ ಅಡ್ಡಿಯಿಲ್ಲ" ಎಂದು ಸ್ಪಷ್ಟವಾಗಿ ಬರೆದರೂ, ಆ ಕಾಗದದ ಮೇಲಿನ ನಂಬಿಕೆ ಬರೆದವರ ಮೇಲಿನ ನಂಬಿಕೆಗಿಂತ ಹೆಚ್ಚಾಗಲು ಸಾಧ್ಯವೇ? ಕ್ವಾರಿ ಮಾಲೀಕನಿಗೆ ಇದು ಚೆನ್ನಾಗಿ ಗೊತ್ತು. ತನ್ನ ಜೆಸಿಬಿಯನ್ನು ರೈತನ ಕೊಟ್ಟಿಗೆಯ ಹಿಂದೆ ನಿಲ್ಲಿಸಿ, ಕೊಟ್ಟಿಗೆಗೆ ಆಪತ್ತು ಬಂತೆಂದು ಕೂಗಿಸಿದರೆ ಅವನ ಕೆಲಸ ಆಯಿತು.

ಇದೇ ಜನ ಪರಿಸರದ ವೈರಿಗಳಾಗಿದ್ದರೇ? ಶಿರಸಿಯಲ್ಲಿ 1981ರ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆ ಬೇಕೋ ಬೇಡವೋ ಎಂದು ಅಡಿಕೆ ಬೆಳೆಗಾರರ ಸಹಕಾರ ಸಂಘವೇ ವಿಚಾರಗೋಷ್ಠಿ ಇಟ್ಟು, ವಿಜ್ಞಾನಿಗಳನ್ನು ಕರೆಸಿ ಲೆಕ್ಕ ಹಾಕಿಸಿತು. ಯೋಜನೆ ಬದಿಗೆ ಸರಿಯಿತು. 1983ರಲ್ಲಿ ಅದೇ ಸೀಮೆಯ ಸಾಲ್ಕಣಿಯ ಜನ ಕಡಿಯಲು ಬಂದವರೆದುರು ಮರವನ್ನು ಅಪ್ಪಿ ನಿಂತರು. ಅಪ್ಪಿಕೋ ಎಂದು ಹೆಸರಾಯಿತು. ಅದೂ ಅಪ್ಪಟ ರಾಜಕೀಯವೇ. ಒಂದು ವ್ಯತ್ಯಾಸ: ಅಲ್ಲಿ ಪ್ರಶ್ನೆ ಊರಿನದು, ವಿಜ್ಞಾನಿ ಅತಿಥಿ. ಮೂವತ್ತು ವರ್ಷದ ನಂತರ ಪ್ರಶ್ನೆಯೂ ದೆಹಲಿಯದು, ಉತ್ತರವೂ ದೆಹಲಿಯದು. ಊರಿಗೆ ಬಂದದ್ದು ಪಟ್ಟಿ ಮಾತ್ರ.

ಕೇರಳದಲ್ಲಿ ಇದು ಚುನಾವಣೆಯ ಕಣಕ್ಕೇ ಇಳಿಯಿತು. ಗಾಡ್ಗೀಳ್ ವರದಿಯ ಪರ ನಿಂತ ಇಡುಕ್ಕಿಯ ಕಾಂಗ್ರೆಸ್ ಸಂಸದ ಪಿ.ಟಿ. ಥಾಮಸ್ ಅವರ ಅಣಕು ಶವಯಾತ್ರೆ ನಡೆಯಿತು, 2014ರಲ್ಲಿ ಟಿಕೆಟ್ ತಪ್ಪಿತು, ವರದಿ ವಿರೋಧಿ ಹೋರಾಟ ಸಮಿತಿಯ ಅಭ್ಯರ್ಥಿ ಎಡರಂಗದ ಬೆಂಬಲದಿಂದ ಗೆದ್ದರು. ಅಸಹ್ಯ ಎನಿಸುತ್ತದೆ, ನಿಜ. ಆದರೆ ಅದೇ ಗಲಾಟೆಯ ನಡುವೆ ಆ ರಾಜ್ಯ ಒಂದು ಸಮಿತಿ ಮಾಡಿ, ಊರೂರು ತಿರುಗಿ ಗಡಿ ಪರಿಶೀಲಿಸಿ, 13,108 ಚದರ ಕಿಲೋಮೀಟರ್ ಇದ್ದ ತನ್ನ ಭಾಗವನ್ನು 9,993ಕ್ಕೆ ಇಳಿಸಿಕೊಂಡಿತು. ಇಳಿಸಿದ್ದೆಲ್ಲವೂ ಯೋಗ್ಯವೇ ಎಂಬುದು ಬೇರೆ ಮಾತು. ಕೇಂದ್ರದ ಕರಡಿನಲ್ಲಿ ಒಟ್ಟು ವಿಸ್ತೀರ್ಣ 56,825ಕ್ಕೆ ಇಳಿದದ್ದು ಇದರಿಂದಲೇ. ನಮ್ಮ 20,668 ಮಾತ್ರ ಕರಡಿನಿಂದ ಕರಡಿಗೆ ಕದಲದೆ ನಡೆದು ಬಂತು.

ಏಕೆ ಎಂದರೆ ನಾವು "ಬೇಡ" ಎಂಬ ಒಂದೇ ಪದ ಕಲಿತೆವು. ಕರ್ನಾಟಕದಲ್ಲಿ ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರೂ ಈ ವಿಷಯದಲ್ಲಿ ಒಂದೇ ಬಾಯಿ. ಸರ್ಕಾರಗಳು ಬದಲಾದವು, ಉತ್ತರ ಬದಲಾಗಲಿಲ್ಲ. ನೀವು "ವಿಷಯ ರಾಜಕೀಯವಾಯಿತು" ಎಂದು ಬೇಸರಿಸುತ್ತೀರಿ. ನನ್ನ ಬೇಸರ ನಮ್ಮಲ್ಲಿ ಅದು ಸಾಕಷ್ಟು ರಾಜಕೀಯ ಆಗಲಿಲ್ಲ ಎಂಬುದು. ಕ್ವಾರಿ ಬೇಡ ಆದರೆ ತೋಟಕ್ಕೆ ಅಭಯ ಕೊಡಿ ಎನ್ನುವ ಪಕ್ಷ ಒಂದಿದ್ದರೆ, ಕಾಡು ಉಳಿಸಿದ ಪಂಚಾಯಿತಿಗೆ ದುಡ್ಡು ಕೊಡಿ ಎನ್ನುವ ಇನ್ನೊಂದಿದ್ದರೆ, ಮತದಾರನಿಗೆ ಆರಿಸಲು ಏನಾದರೂ ಇರುತ್ತಿತ್ತು. ವೇದಿಕೆಯ ಮೇಲೆ ಪೈಪೋಟಿ ನಡೆದದ್ದು ಯಾರು ಜೋರಾಗಿ ವಿರೋಧಿಸುತ್ತಾರೆ ಎಂಬುದರಲ್ಲಿ ಮಾತ್ರ.

ಕೇಂದ್ರವೂ ಏನು ಕಡಿಮೆ ಇಲ್ಲ. ಕರಡು ಅಧಿಸೂಚನೆಯನ್ನು ನಿಗದಿತ ಅವಧಿಯೊಳಗೆ ಅಂತಿಮ ಮಾಡದಿದ್ದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. 2014, 2015, 2017, 2018, 2022, 2024: ಆರು ಕರಡು. ಹೊರಡಿಸಿದರೆ ಪರಿಸರವಾದಿಗಳಿಗೆ ಸಮಾಧಾನ, ಅಂತಿಮಗೊಳಿಸದಿದ್ದರೆ ರಾಜ್ಯಗಳಿಗೆ ಸಮಾಧಾನ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆರನೆಯದರ ದಿನಾಂಕ ನೋಡಿ: ಜುಲೈ 31, 2024. ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಮಣ್ಣಿನಡಿ ಹೋದದ್ದು ಹಿಂದಿನ ದಿನ ನಸುಕಿನಲ್ಲಿ; ಸತ್ತವರು ಇನ್ನೂರಕ್ಕೂ ಹೆಚ್ಚು. ಅದಾಗಿ ಎರಡು ತಿಂಗಳೊಳಗೆ, ಸೆಪ್ಟೆಂಬರ್‌ನಲ್ಲಿ, ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು.

ಇಲ್ಲಿ ನನ್ನ ಪರಿಸರವಾದಿ ಗೆಳೆಯರಿಗೂ ಒಂದು ಮಾತು. 2018ರ ಕೊಡಗು, 2024ರ ವಯನಾಡು, ಉತ್ತರ ಕನ್ನಡದ ಶಿರೂರು, ಯಾವ ಗುಡ್ಡ ಕುಸಿದರೂ "ವರದಿ ಜಾರಿಯಾಗಿದ್ದರೆ ಇದು ಆಗುತ್ತಿರಲಿಲ್ಲ" ಎಂಬ ಮಾತು ಹೆಣ ಹೊರತೆಗೆಯುವ ಮೊದಲೇ ಬರುತ್ತದೆ. ಶಿರೂರಿನಲ್ಲಿ ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದಿದ್ದರು. ಅದಕ್ಕೆ ಕೇಳಬೇಕಾದ ಪ್ರಶ್ನೆ ಇಳಿಜಾರನ್ನು ಹೇಗೆ ಕಡಿದಿರಿ, ನೀರಿಗೆ ದಾರಿ ಎಲ್ಲಿ ಬಿಟ್ಟಿರಿ ಎಂಬುದು. ಎಲ್ಲ ಕುಸಿತವನ್ನೂ ಒಂದೇ ವರದಿಯ ಖಾತೆಗೆ ಬರೆದರೆ ಕಡಿದ ಗುತ್ತಿಗೆದಾರನಿಗೆ ಬಿಡುಗಡೆ ಸಿಗುತ್ತದೆ. ಮುಂದಿನ ಸಲ, ಪಟ್ಟಿಯಲ್ಲಿಲ್ಲದ ಊರಿನಲ್ಲಿ ಗುಡ್ಡ ಜಾರಿದಾಗ ಎದುರಿನವರು ನಗುತ್ತಾರೆ. ಗಾಡ್ಗೀಳ್ ವರದಿ ವಯನಾಡಿನ ಆ ತಾಲ್ಲೂಕನ್ನು ಅತಿ ಸೂಕ್ಷ್ಮ ವಲಯದಲ್ಲಿ ಇಟ್ಟಿತ್ತು ಎಂಬುದು ನಿಜ, ಅದನ್ನು ಹೇಳಿ. ಅದಕ್ಕಿಂತ ಹೆಚ್ಚು ಹೇಳಬೇಡಿ.

ರಾಜಕೀಯ ನೆಟ್ಟಗೆ ನಡೆದ ಉದಾಹರಣೆ ಇಲ್ಲವೇ ಎಂದರೆ, ಅರ್ಧಂಬರ್ಧ ಇದೆ. 2009ರ ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿ ಕುಲಾಂತರಿ ತಳಿಯಾದ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು. ಗದ್ದಲವೋ ಗದ್ದಲ. 2010ರ ಫೆಬ್ರುವರಿ 9ರಂದು ಸದ್ಯಕ್ಕೆ ಬೇಡ ಎಂದು ತಡೆದು, ಕಾರಣಗಳನ್ನು ಬರೆದು ಪ್ರಕಟಿಸಿದರು. ವಿಜ್ಞಾನವನ್ನು ಬೀದಿಗೆ ಒಪ್ಪಿಸಿದರು ಎಂದು ಹಲವು ವಿಜ್ಞಾನಿಗಳು ಸಿಟ್ಟಾದರು. ತಡೆದದ್ದು ಸರಿ ಎಂದು ನಾನು ವಾದಿಸುತ್ತಿಲ್ಲ. ಬಾಂಗ್ಲಾದೇಶದ ರೈತರು 2014ರಿಂದ ಬಿಟಿ ಬದನೆ ಬೆಳೆಯುತ್ತಿದ್ದಾರೆ. ಆದರೆ ಯಾರು ತೀರ್ಮಾನಿಸಿದರು, ಯಾವ ಕಾರಣಕ್ಕೆ, ಎಂಬುದು ಕಣ್ಣೆದುರಿಗಿತ್ತು. ಬೈಯಬೇಕೆನಿಸಿದರೆ ಯಾರನ್ನು ಬೈಯಬೇಕೆಂದು ಗೊತ್ತಿತ್ತು. ಘಟ್ಟದ ವಿಷಯದಲ್ಲಿ ದಶಕ ಮೀರಿದರೂ ತೀರ್ಮಾನಿಸಿದವರು ಯಾರೂ ಇಲ್ಲ, ಸಹಿ ಮಾಡಿದವರು ಯಾರೂ ಇಲ್ಲ.

ನಿಮ್ಮ ಪೋಷಕರ ವಿಷಯಕ್ಕೆ ಬರುತ್ತೇನೆ. "ನಾನು ಯಾರ ಪರವೂ ಅಲ್ಲ, ನನ್ನದು ಬರೀ ವಿಜ್ಞಾನ" ಎಂದು ಹೇಳಿ ಕಳುಹಿಸಬೇಡಿ. ಅವರಿಗೆ ಅದು ನುಣುಚಿಕೊಳ್ಳುವಿಕೆಯಂತೆಯೇ ಕೇಳಿಸುತ್ತದೆ. ಕರಡು ಅಧಿಸೂಚನೆಯ ಕೊನೆಯಲ್ಲಿ ಗ್ರಾಮಗಳ ಪಟ್ಟಿ ಇದೆ, ಅದನ್ನು ತೆಗೆದುಕೊಂಡು ಒಂದು ಶನಿವಾರ ಮಧ್ಯಾಹ್ನ ಅವರನ್ನು ಶಾಲೆಗೆ ಕರೆಯಿರಿ. ಗ್ರಾಮ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಕಾಡೆಲ್ಲಿದೆ, ತೋಟವೆಲ್ಲಿದೆ, ಬೆಟ್ಟವೆಲ್ಲಿದೆ ಎಂದು ಮಕ್ಕಳ ಕೈಯಲ್ಲೇ ಬಣ್ಣ ಹಾಕಿಸಿ, ಶೇ 20ರ ಲೆಕ್ಕ ಮಾಡಿಸಿ. ಶೇ 20ರ ಬದಲು 50 ಇಟ್ಟರೆ ಊರು ಒಳಗೋ ಹೊರಗೋ? ಹೊರಗಾದರೆ ಮೇಲಿನ ಕ್ವಾರಿ ಏನಾಗುತ್ತದೆ? ಅಲ್ಲಿಂದ ಮುಂದಿನ ಮಾತು ಅವರವರೇ ಆಡಿಕೊಳ್ಳಲಿ, ಜಗಳವಾದರೂ ಆಗಲಿ.

ಆದರೆ ಎಲ್ಲಕ್ಕಿಂತ ಮೊದಲು ಆ ಪಟ್ಟಿಯಲ್ಲಿ ನಿಮ್ಮ ಊರಿನ ಹೆಸರು ಇದೆಯೇ ಎಂದು ಹುಡುಕಿ. ಗೋದಾಮಿನ ಸಭೆಯಲ್ಲಿ ಕರಪತ್ರ ಹಂಚಿದ ಹುಡುಗನ ಊರು ಯಾವುದೆಂದು ವಿಚಾರಿಸಿ, ಮನೆಗೆ ಬಂದ ಮೇಲೆ ನಾನೂ ಹುಡುಕಿದ್ದೆ. ಅವನ ಊರು ಪಟ್ಟಿಯಲ್ಲಿ ಇರಲಿಲ್ಲ.